ಹದಿನೇಳನೇ ಬಾಣ

ತಿದ್ದಪ್ಪನ ಮನೆ ಬಾಗಿಲ ಮೇಲಿನ ದೀಪ ಅವನನ್ನು ಗುರುತು ಹಿಡಿಯುವುದನ್ನು ನಿಲ್ಲಿಸಿತ್ತು. ಇದಕ್ಕಿಂತ ದೊಡ್ಡ ಅವಮಾನ ಈಚೆಗೆ ಅವನಿಗೆ ಆಗಿರಲಿಲ್ಲ.

ಅದು ಅಂತಿಂಥ ದೀಪವಲ್ಲ, ಮನುಷ್ಯ ಬಂದರೆ ತಾನಾಗಿ ಹೊತ್ತಿಕೊಳ್ಳುವ ಸೆನ್ಸರ್ ದೀಪ. ನಾಲ್ಕು ವರ್ಷದ ಹಿಂದೆ ತಿದ್ದಪ್ಪ ಸ್ವಹಸ್ತದಿಂದ ಪ್ರತಿಷ್ಠಾಪಿಸಿದ್ದು. (ಏಣಿ ಹಿಡಿದುಕೊಂಡವನು ಮಹಡಿ ಮನೆಯ ಗೆಳೆಯ, ರೇಡಿಯೊ ರಿಪೇರಿಯವನು. ಆದರೆ ಏಣಿ ಹಿಡಿದವರ ಹೆಸರನ್ನು ಯಾರು ಬರೆದಿಡುತ್ತಾರೆ.) ಮೊದಲ ಎರಡು ದಿನ ಅದು ಮಿಣುಕ್ ಎನ್ನಲಿಲ್ಲ. "ಹೊಸ ಸೆನ್ಸರು ಕಣೋ. ಅದಕ್ಕೂ ಮನೆಯವರ ಪರಿಚಯ ಆಗ್ಬೇಕಲ್ಲ," ಎಂದಿದ್ದ ಗೆಳೆಯ. ಮೂರನೆಯ ಸಂಜೆ ತಿದ್ದಪ್ಪ ಗೇಟು ತೆಗೆದು ನಾಲ್ಕು ಹೆಜ್ಜೆ ಇಟ್ಟದ್ದೇ ತಡ, ದೀಪ ಝಗ್ಗೆಂದು ಹತ್ತಿತು. ಅಂದಿನಿಂದ ಮನೆಗೆ ಬಂದ ಯಾರೂ ಸೆನ್ಸರಿನ ಮೇಲೊಂದು ಉಪನ್ಯಾಸ ಕೇಳದೆ ಹಿಂತಿರುಗಿದ್ದಿಲ್ಲ. ವಿಶೇಷವೆಂದರೆ, ಹೆಂಡತಿ ಬಂದರೆ ಅದು ಉರಿಯುತ್ತಿರಲಿಲ್ಲ.

"ಯಜಮಾನ ಯಾರು ಅಂತ ಅದಕ್ಕೆ ಗೊತ್ತು," ಎನ್ನುತ್ತಿದ್ದ ತಿದ್ದಪ್ಪ.

"ಈ ಮನೇಲಿ ಅದು ಗೊತ್ತಿರೋದು ಅದೊಂದಕ್ಕೇ," ಎನ್ನುತ್ತ ಅವಳು ಕತ್ತಲಲ್ಲಿ ಬೀಗದ ಕಿಂಡಿ ತಡಕುತ್ತಿದ್ದಳು.

ತಿದ್ದಪ್ಪ ಎನ್ನುವುದು ಅವನ ನಿಜವಾದ ಹೆಸರಲ್ಲ. ಅಚ್ಚುಮನೆಯಲ್ಲಿ ಕರಡು ತಿದ್ದುತ್ತಾನೆಂದು ಆ ಗೆಳೆಯನೇ ಇಟ್ಟದ್ದು. ಪುಟದ ಮೂಲೆಯಲ್ಲಿ ಒಂದು ಅಲ್ಪವಿರಾಮ ಹೆಚ್ಚಾಗಿದ್ದರೂ ಹಿಡಿಯುವ ಕಣ್ಣು ಅವನದು. ಆ ಕಣ್ಣನ್ನು ಮನೆಗೆ ಬರುವಾಗ ಅಚ್ಚುಮನೆಯಲ್ಲೇ ಬಿಟ್ಟು ಬರುತ್ತಾನೆ ಎಂಬುದು ಹೆಂಡತಿಯ ದೂರು.

ಹೆಸರಿಟ್ಟವನು ಈಗಿಲ್ಲ. ಒಂದು ಮಧ್ಯಾಹ್ನ ಬಿಚ್ಚಿಟ್ಟ ರೇಡಿಯೊ ಮುಂದೆ ಕೂತಲ್ಲೇ ಹೋದ. ಸ್ಕ್ರೂಡ್ರೈವರು ಕೈಯಲ್ಲಿ ಹಾಗೇ ಇತ್ತು. ಅವನು ಬಿಟ್ಟುಹೋದದ್ದು ಹೆಂಡತಿಯನ್ನು (ತಿದ್ದಪ್ಪನ ಬಾಯಲ್ಲಿ ಅತ್ತಿಗೆ), ಮತ್ತು ನಡುಮನೆಯ ಗೋಡೆಯ ಮೇಲೆ ಹದಿನೆಂಟು ಸ್ವಿಚ್ಚುಗಳ ಒಂದು ಹಲಗೆಯನ್ನು.

ಆ ಹಲಗೆಯ ಬಗ್ಗೆ ಹೇಳಲೇಬೇಕು. ಮನುಷ್ಯ ತನ್ನ ಕುರ್ಚಿಯಿಂದ ಏಳದೆ ಇಡೀ ಮನೆಯನ್ನು ನಡೆಸಬೇಕು ಎಂಬುದು ಅವನ ಸಿದ್ಧಾಂತ. ಹಳೆಯ ರೇಡಿಯೊಗಳ ಗುಂಡಿ ಕಿತ್ತು, ಇಡೀ ಮನೆಯ ವೈರುಗಳನ್ನು ತಾನೇ ಎಳೆದು ತಂದು ಅಲ್ಲಿ ಸೇರಿಸಿದ್ದ. ಯಾವುದು ಯಾವುದಕ್ಕೆ ಎಂದು ಎಲ್ಲೂ ಬರೆದಿರಲಿಲ್ಲ. "ನಾನಿದೀನಲ್ಲ," ಎನ್ನುತ್ತಿದ್ದ. ಅವನು ಹೋದ ಮೇಲೆ ಅತ್ತಿಗೆ ಅಡುಗೆಮನೆ ದೀಪಕ್ಕೆಂದು ಒಂದನ್ನು ಒತ್ತಿದರೆ ಬಚ್ಚಲಲ್ಲಿ ವಾರ್ತೆ ಶುರುವಾಗುತ್ತಿತ್ತು. ಹೆದರಿ, ಒಂದು ಮೇಜಿನ ದೀಪದಲ್ಲೇ ಎರಡು ತಿಂಗಳು ಕಳೆದಿದ್ದರು.

ಅತ್ತಿಗೆಯ ತಮ್ಮ ಕಟ್ಟಡ ಗುತ್ತಿಗೆದಾರ, ಪಟಪಟ ಮಾತಿನವನು. "ಸೋಮವಾರ ಆಳು ಕರ್ಕೊಂಡು ಬರ್ತೀನಿ ಅಕ್ಕ. ಎಲ್ಲ ಕಿತ್ತಾಕಿ ಹೊಸ ವೈರಿಂಗ್ ಮಾಡ್ಸಿಬಿಡೋಣ," ಎಂದು ಫೋನಿನಲ್ಲಿ ತೀರ್ಪು ಕೊಟ್ಟಿದ್ದ.

"ಒಂದೊಂದು ವೈರನ್ನೂ ಅವರು ಕೈಯಾರೆ ಎಳೆದಿದ್ದು," ಎಂದರು ಅತ್ತಿಗೆ, ಭಾನುವಾರ ಬೆಳಿಗ್ಗೆ ಕೆಳಗಿಳಿದು ಬಂದು. "ಕಿತ್ತು ಗೋಣಿಚೀಲಕ್ಕೆ ತುಂಬ್ತಾರಂತೆ. ಬೇಡ ಅಂದ್ರೆ, ಯಾವ ಸ್ವಿಚ್ಚು ಯಾವುದಕ್ಕೆ ಹೇಳು ನೋಡೋಣ ಅಂತಾನೆ. ನಂಗೆಲ್ಲಿ ಗೊತ್ತು? ಇವತ್ತು ಸಂಜೆ ನೋಡ್ಕೊಂಡು ಹೋಗೋಕೆ ಬರ್ತಾನೆ."

"ಸಂಜೆಯೊಳಗೆ ನಕ್ಷೆ ಕೊಡ್ತೀನಿ ಅತ್ತಿಗೆ," ಎಂದುಬಿಟ್ಟ ತಿದ್ದಪ್ಪ. ಹೆಂಡತಿ ಅವನನ್ನು ಒಮ್ಮೆ ನೋಡಿದಳು. ಮದುವೆಯಾದಾಗಿನಿಂದ ಅವನು ಒಂದು ನೆಟ್ಟಗಿನ ಗೆರೆ ಎಳೆದದ್ದನ್ನು ಅವಳು ಕಂಡಿರಲಿಲ್ಲ.

ಕಾಗದದ ಮೇಲಿನ ಪ್ರಯತ್ನ ಕಾಗದದಲ್ಲಿ ತೂತು ಬೀಳುವವರೆಗೆ ನಡೆಯಿತು. ಆಮೇಲೆ ಅವಳೇ ಲ್ಯಾಪ್‌ಟಾಪ್ ತಂದಳು. ಶಾಲೆಯ ಕಚೇರಿಯಲ್ಲಿ ವೇಳಾಪಟ್ಟಿ ಮಾಡುವ ಕೆಲಸ ಅವಳದು. "ದಿನಾ ಕರಡು ನೋಡ್ತೀರಲ್ಲ, ಆ ಆನ್‌ಲೈನ್ ಡಾಕ್ಯುಮೆಂಟಲ್ಲೇ ಚಿತ್ರ ಬರೀಬಹುದು ರೀ. ಮೇಲೆ ಇನ್ಸರ್ಟ್ ಅಂತ ಇದೆ ನೋಡಿ, ಅದರೊಳಗೆ ಡ್ರಾಯಿಂಗ್."

ಆರು ವರ್ಷದಿಂದ ಅದೇ ಪುಟದಲ್ಲಿ ಬೇರೆಯವರ ತಪ್ಪು ಹುಡುಕುತ್ತಿದ್ದವನಿಗೆ, ಅದರ ಹೊಟ್ಟೆಯೊಳಗೆ ಇಂಥದೊಂದು ಕೋಣೆ ಇದೆಯೆಂದು ತಿಳಿದಿರಲಿಲ್ಲ. ಒತ್ತಿದರೆ ಚೌಕುಳಿ ಹಾಸಿದ ಖಾಲಿ ಅಂಗಳ ತೆರೆಯಿತು. ಅವನ ಮೊದಲ ವೃತ್ತ ಮೊಟ್ಟೆಯಾಯಿತು, ಎರಡನೆಯದು ಸೌತೆಕಾಯಿ.

"ಶಿಫ್ಟ್ ಒತ್ತಿ ಹಿಡ್ಕೊಂಡು ಎಳೀರಿ."

ಎಳೆದ. ಹುಣ್ಣಿಮೆಯ ಚಂದ್ರನಂಥ ವೃತ್ತ ಬಂತು. ತಿದ್ದಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಕೋಣೆಗೊಂದರಂತೆ ಬರೆದ ಪೆಟ್ಟಿಗೆಗಳನ್ನು ಒಂದರ ಪಕ್ಕ ಒಂದು ತಂದರೆ, ಸಮವಾದಾಗ ತಾನಾಗಿ ಒಂದು ಗೆರೆ ಮೂಡಿ, ಇಲ್ಲೇ ನಿಲ್ಲಿಸು ಎನ್ನುತ್ತಿತ್ತು. ಎಲ್ಲಕ್ಕಿಂತ ಅವನನ್ನು ಮರುಳು ಮಾಡಿದ್ದು ಬಾಣ. ಬಾಣದ ತುದಿ ಪೆಟ್ಟಿಗೆಯ ಹತ್ತಿರ ಬಂದರೆ ಅಂಚಿನಲ್ಲಿ ಪುಟ್ಟ ಚುಕ್ಕಿಗಳು ಕಾಣಿಸುತ್ತವೆ. ಚುಕ್ಕಿಯ ಮೇಲೆ ಬಿಟ್ಟರೆ ಬಾಣ ಅಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಪೆಟ್ಟಿಗೆಯನ್ನು ಎಲ್ಲಿಗೆ ಎಳೆದರೂ ಅಮ್ಮನ ಸೆರಗು ಹಿಡಿದ ಮಗುವಿನ ಹಾಗೆ ಹಿಂದೆಯೇ ಬರುತ್ತದೆ. ಆ ಸಂತೋಷಕ್ಕೆ ಅರ್ಧ ಗಂಟೆ ಅವನು ಅಡುಗೆಮನೆಯನ್ನು ಪುಟದ ತುಂಬ ಮೆರವಣಿಗೆ ಮಾಡಿಸಿದ.

"ನನ್ನ ಒಲೆ ಎಲ್ಲಿಗೆ ಹೊತ್ಕೊಂಡು ಹೋಗ್ತಿದೀರಿ?" ಎಂದು ಕೇಳಿದರು ಅತ್ತಿಗೆ. ಎರಡು ತಿಂಗಳಲ್ಲಿ ಅವರು ಮೊದಲ ಸಲ ನಕ್ಕದ್ದು ಆಗ.

ಹನ್ನೊಂದಕ್ಕೆ ಮಹಡಿಯಲ್ಲಿ ಪರೀಕ್ಷೆ ಶುರುವಾಯಿತು. ಅತ್ತಿಗೆ ಒಂದೊಂದೇ ಸ್ವಿಚ್ಚು ಒತ್ತುವುದು, ಹೆಂಡತಿ ಕೋಣೆಯಿಂದ ಕೋಣೆಗೆ ಓಡುವುದು, ತಿದ್ದಪ್ಪ ಕೂತು ಬಾಣ ಬಿಡುವುದು.

"ಮೂರು."

"ಅಡುಗೆಮನೆ ದೀಪ."

"ಏಳು."

"ಬಚ್ಚಲಲ್ಲಿ ಗಂಟೆ ಹೊಡೀತು. ಇದ್ಯಾಕಕ್ಕ?"

"ಟೀ ಆಯ್ತು ಅಂತ ಹೇಳೋಕೆ. ಸ್ನಾನಕ್ಕೆ ಹೋದ್ರೆ ನಾನು ಬೇಗ ಬರ್ತಿರ್ಲಿಲ್ಲ," ಎಂದ ಅತ್ತಿಗೆ, ಇನ್ನೊಮ್ಮೆ ಏಳನ್ನು ಒತ್ತಿದರು.

ಒಂಬತ್ತು ಒತ್ತಿದರೆ ಮಲಗುವ ಕೋಣೆಯ ಫ್ಯಾನು, ಆದರೆ ಹತ್ತನೆಯದು ಆರಿದ್ದರೆ ಮಾತ್ರ. ಅದು ಅತ್ತಿಗೆ ಓದುವ ದೀಪ. ಓದುವಾಗ ಹಾಳೆ ಹಾರಬಾರದು ಎಂದು ಮಾಡಿದ ಏರ್ಪಾಡು. ಬಾಣ ಬಿಡುತ್ತ ಬಿಡುತ್ತ ತಿದ್ದಪ್ಪನ ಮುಂದೆ ಒಂದು ಇಡೀ ಸಂಸಾರವೇ ಬರೆದಂತಾಯಿತು. ಹುಚ್ಚುಹುಚ್ಚಾಗಿ ಕಂಡಿದ್ದ ಹಲಗೆಯಲ್ಲಿ ಒಂದೇ ಒಂದು ವೈರು ಸುಮ್ಮನೆ ಎಳೆದದ್ದಿರಲಿಲ್ಲ. ಅಷ್ಟು ಶುದ್ಧವಾದ ಕರಡನ್ನು ಅವನು ಎಂದೂ ನೋಡಿರಲಿಲ್ಲ.

ಹದಿನೇಳು ಒತ್ತಿದಾಗ ಮಾತ್ರ ಏನೂ ಆಗಲಿಲ್ಲ.

ಕೋಣೆಗಳನ್ನೆಲ್ಲ ನೋಡಿ ಆಯಿತು, ಅಟ್ಟ, ಬೀರುವಿನ ಹಿಂದೆ, ಮಂಚದಡಿ. ಪುಟದಲ್ಲಿ ಹದಿನೇಳನೇ ಬಾಣ ಹೊರಟು, ಕಚ್ಚಿಕೊಳ್ಳಲು ಏನೂ ಸಿಗದೆ ಗಾಳಿಯಲ್ಲಿ ತೂಗುತ್ತಿತ್ತು.

"ಇದೊಂದು ದಂಡದ್ದು ಅಂತ ಬರೀತೀನಿ," ಎಂದ ತಿದ್ದಪ್ಪ ಕೊನೆಗೆ.

"ದಂಡದ್ದಲ್ಲ," ಎಂದರು ಅತ್ತಿಗೆ. "ದಿನಾ ಸಂಜೆ ಕೆಲಸ ಬಿಟ್ಟು ಎದ್ದು ಬಂದು ಇದನ್ನ ಒತ್ತೋರು. ಕೇಳಿದ್ರೆ, ಒಂದು ಡ್ಯೂಟಿ ಇದೆ ಕಣೇ ಅನ್ನೋರು."

ಲ್ಯಾಪ್‌ಟಾಪಿನ ಉಸಿರು ನಿಲ್ಲುವಂತಾಗಿತ್ತು. ಚಾರ್ಜರ್ ತರಲು ಹೆಂಡತಿ ಕೆಳಗೆ ಹೋದಳು. ಹದಿನೇಳು ಒತ್ತಿದ್ದು ಒತ್ತಿದ ಹಾಗೇ ಇತ್ತು. ಐದು ನಿಮಿಷದ ಕೆಲಸಕ್ಕೆ ಕಾಲು ಗಂಟೆ ತೆಗೆದುಕೊಂಡು ಬಂದವಳು, ಚಾರ್ಜರ್ ಸಿಕ್ಕಿಸಿ, "ಸ್ವಲ್ಪ ಸರೀರಿ," ಎಂದು ಅವನ ಜಾಗದಲ್ಲಿ ಕೂತಳು. ಕಣ್ಣು ಒದ್ದೆಯಾಗಿತ್ತು, ತುಟಿ ನಗು ತಡೆಯುತ್ತಿತ್ತು. ಮನೆಯ ಗಡಿಯೆಂದು ತಿದ್ದಪ್ಪ ಎಳೆದಿದ್ದ ದೊಡ್ಡ ಚೌಕದ ಹೊರಗೆ, ಪುಟದ ಕೆಳಗೆ, ಅವಳೊಂದು ಸಣ್ಣ ಪೆಟ್ಟಿಗೆ ಬರೆದಳು.

"ಮನೆ ಆಚೆ ಯಾಕೆ ಪೆಟ್ಟಿಗೆ? ಇಷ್ಟು ಚೆಂದದ ನಕ್ಷೆ ಕೆಡಿಸ್ತೀಯಲ್ಲೇ."

ಅವಳು ಹದಿನೇಳನೇ ಬಾಣವನ್ನು ಎಳೆದು ತಂದು ಅದಕ್ಕೆ ಕಚ್ಚಿಸಿದಳು. ಪೆಟ್ಟಿಗೆಯೊಳಗೆ ಬರೆದಳು: ಯಜಮಾನರ ಸೆನ್ಸರು.

"ನಟ್ಟ ಮಧ್ಯಾಹ್ನ ಬಾಗಿಲ ಮೇಲೆ ಉರೀತಾ ಇದೆ," ಎಂದಳು. "ಅಕ್ಕ, ಅದನ್ನ ಆರಿಸಿ ಅಂತ ಕೆಳಗಿಂದ ಕೂಗೋಣ ಅಂದ್ಕೊಂಡೆ. ಅಷ್ಟರಲ್ಲಿ ಕಣ್ಣಿಗೆ ಬಿತ್ತು. ಮಹಡಿಯಿಂದ ಕಿಟಕಿ ಪಕ್ಕ ವೈರು ಇಳಿದು ಬಂದಿದೆ ರೀ, ಬೆರಳು ದಪ್ಪ. ನಾಲ್ಕು ವರ್ಷ ಅದರ ಕೆಳಗೇ ಓಡಾಡಿದೀವಿ."

ತಿದ್ದಪ್ಪ ಆ ಪೆಟ್ಟಿಗೆಯನ್ನು ಒಮ್ಮೆ ಎಳೆದು ನೋಡಿದ, ಬಾಣ ಹಿಂದೆಯೇ ಬಂತು. "ಅದಕ್ಕೆ ಅವನು ಊರಲ್ಲಿ ಇಲ್ಲದಾಗೆಲ್ಲ ಅದು ಉರೀತಿರಲಿಲ್ಲ," ಎಂದ. "ನಾನು ಹವಾಮಾನ ಅಂದ್ಕೊಂಡಿದ್ದೆ."

"ನಿಮ್ಮ ಹೆಜ್ಜೆ ಸದ್ದು ಕೇಳಿಸ್ತಿತ್ತು ಅವರಿಗೆ," ಎಂದರು ಅತ್ತಿಗೆ. "ರೇಡಿಯೊ ಹಾಡ್ತಿದ್ರೂ ಕೇಳಿಸ್ತಿತ್ತು."

ಸಂಜೆ ಗುತ್ತಿಗೆದಾರ ತಮ್ಮ ಬಂದ. ನಕ್ಷೆ ಅಚ್ಚಾಗಿ ಹಲಗೆಯ ಪಕ್ಕದ ಗೋಡೆಗೆ ಅಂಟಿತ್ತು. ಮೂರು ಒತ್ತಿದ, ಅಡುಗೆಮನೆ ಬೆಳಗಿತು. ಅಕ್ಕ ನಕ್ಷೆ ನೋಡದೆಯೇ ಹದಿನಾರರವರೆಗೆ ಒಪ್ಪಿಸಿದರು. "ಇಂಥ ಕೆಲಸ ನಮ್ಮ ಆಳುಗಳ ಕೈಲಿ ಆಗಲ್ಲ. ಇರ್ಲಿ ಬಿಡು," ಎಂದು ಸೋತವನು, ಹೋಗುವ ಮುನ್ನ ಪುಟದ ಕೆಳಕ್ಕೆ ಬೆರಳಿಟ್ಟ. "ಮನೆ ಆಚೆ ಹೋಗಿರೋ ಈ ಒಂದು ಲೈನು ಕಟ್ ಮಾಡಿಸ್ತೀನಿ."

"ಅದನ್ನ ಮುಟ್ಟಬೇಡಿ," ಎಂದ ತಿದ್ದಪ್ಪ.

"ಯಾಕೆ ಸಾರ್? ಏನದು?"

ಹೇಳದೆ ಗತಿಯಿರಲಿಲ್ಲ. ಹೇಳಿದ. ಗುತ್ತಿಗೆದಾರ ಕುರ್ಚಿ ಎಳೆದುಕೊಂಡು ಕೂತ.

"ಸಾರ್, ನಿಮ್ಮ ಭಾಷಣ ಕೇಳಿ ನಾನೂ ಅಂಥದೇ ಎರಡು ತಂದು ಹಾಕ್ದೆ. ಒಂದು ದಿನಾನೂ ಉರೀಲಿಲ್ಲ. ಕೇಳಿದ್ರೆ ಏನಂದ್ರಿ? ಮನೆಯವರ ಪರಿಚಯ ಆಗ್ಬೇಕು ಅಂದ್ರಿ. ಮೂರು ವರ್ಷದಿಂದ ಅದರ ಕೆಳಗೆ ನಿಂತು ದಿನಾ ಪರಿಚಯ ಮಾಡ್ಕೊಳ್ತಿದೀನಿ ನಾನು."

ಮರುದಿನ ಸಂಜೆ ತಿದ್ದಪ್ಪ ಗೇಟು ತೆಗೆದು ಎಂದಿಗಿಂತ ಜೋರಾಗಿ ಹೆಜ್ಜೆ ಇಟ್ಟ. ಕತ್ತಲೆ. ಕೆಮ್ಮಿದ. ಮಹಡಿಯ ಬಚ್ಚಲಲ್ಲಿ ಗಂಟೆ ಹೊಡೆಯಿತು. "ಅದು ಏಳು ಅತ್ತಿಗೆ," ಎಂದು ಕೂಗಿದ. "ನಂಗೊತ್ತು, ಇರಿ," ಎಂಬ ಉತ್ತರ ಬಂತು. ಅಷ್ಟರಲ್ಲಿ ಅವನ ಹಿಂದೆ ಗೇಟು ಕಿರ್ ಎಂದಿತು. ಶಾಲೆಯಿಂದ ಬಂದ ಹೆಂಡತಿ ಎರಡು ಹೆಜ್ಜೆ ಇಟ್ಟಿದ್ದಳಷ್ಟೆ, ದೀಪ ಝಗ್ಗೆಂದು ಹತ್ತಿತು.

ಅವಳು ಅವನನ್ನು ದಾಟಿಕೊಂಡು ಹೋಗಿ, ಬೆಳಕಿನಲ್ಲಿ ನಿಧಾನವಾಗಿ ಬೀಗಕ್ಕೆ ಕೀಲಿ ಹಾಕಿದಳು.

"ಪರಿಚಯ ಆಗೋಕೆ ನಾಲ್ಕು ವರ್ಷ ಬೇಕಾಯ್ತು," ಎಂದಳು. "ಬನ್ನಿ ಒಳಗೆ, ನೀವೂ ನಮ್ಮ ಮನೆಯವರೇ ಅಂತ ಅದಕ್ಕೆ ಹೇಳ್ತೀನಿ."