ನಡೆದಾಡುವ ತೂಕದ ಕಲ್ಲು

"ನನ್ನ ಮೊಮ್ಮಗು ಹುಟ್ಟೋ ಹೊತ್ತಿಗೆ ನಾನು ತೊಂಬತ್ತು ಕಿಲೋಗೆ ಇಳಿದಿರ್ತೀನಿ! ಇಳೀಲಿಲ್ಲ ಅಂದ್ರೆ ನನ್ನನ್ನ ತಕ್ಕಡಿ ಮೇಸ್ತ್ರಿ ಅಂತ ಯಾರೂ ಕರೀಬೇಡಿ!"

ತುಂಬಿದ ಮಾರುಕಟ್ಟೆಯಲ್ಲಿ ಈ ಭೀಷಣ ಪ್ರತಿಜ್ಞೆ ಹೊರಬಿದ್ದದ್ದು ಒಂದು ಈರುಳ್ಳಿ ಮೂಟೆಯ ಮೇಲಿಂದ. ಎದ್ದು ನಿಂತೇ ಮಾಡಬೇಕೆಂದು ಮೇಸ್ತ್ರಿಗೂ ಆಸೆಯಿತ್ತು. ಆದರೆ ಆಗ ಅವರ ಮೈಯಲ್ಲಿ ತೊಂಬತ್ತೆಂಟು ಕಿಲೋ ಇತ್ತೇ ಹೊರತು ಏಳುವ ತ್ರಾಣ ಇರಲಿಲ್ಲ. ಯಾವ ಅಂಗಡಿಗೆ ತಕ್ಕಡಿ ರಿಪೇರಿಗೆ ಹೋದರೂ ಮೊದಲು ಕೂರುವುದು, ಆಮೇಲೆ ತೂಕಡಿಸುವುದು, ಕೊನೆಗೆ ಮನಸ್ಸಿದ್ದರೆ ಕೆಲಸ ನೋಡುವುದು. ಬಸುರಿ ಮಗಳಿಗೆ ಆಗ ನಾಲ್ಕು ತಿಂಗಳು. ಮೊಮ್ಮಗು ಬೀದಿಯ ಕಡೆ ಓಡಿದರೆ ತಾನು ಕುರ್ಚಿಯಲ್ಲಿ ಕುಳಿತೇ "ಓಡಬೇಡ ಕಂದಾ" ಎಂದು ಕೂಗುವ ಅಜ್ಜನಾಗಿಬಿಡುತ್ತೇನೆಂಬ ಭಯ ಅವರನ್ನು ನಿಜಕ್ಕೂ ಹಿಡಿದಿತ್ತು.

ಕ್ಲಿನಿಕ್ಕಿನ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಟೆಸ್ಟೋಸ್ಟೆರಾನ್ ಪಾತಾಳಕ್ಕಿಳಿದಿದೆ, ಬೊಜ್ಜು ಆಕಾಶಕ್ಕೇರಿದೆ ಎಂದು ಗೊತ್ತಾಯಿತು. ಮೊದಲು ಹಸಿವು ತಗ್ಗಿಸಲು ವಾರಕ್ಕೊಂದು ಚುಚ್ಚುಮದ್ದು ಶುರುವಾಯಿತು. ಮೇಸ್ತ್ರಿಯ ಊಟ ಅರ್ಧವಾಯಿತು, ತೂಕ ಮೂರು ಕಿಲೋ ಇಳಿಯಿತು, ಜಂಬ ಆರು ಕಿಲೋ ಏರಿತು. ಆಮೇಲೆ ಟೆಸ್ಟೋಸ್ಟೆರಾನಿನ ಚುಚ್ಚುಮದ್ದನ್ನೂ ಜೊತೆಗೆ ಕೊಡುವಾಗ ಡಾಕ್ಟರಮ್ಮ ಬಿಡಿಸಿ ಹೇಳಿದರು:

"ನೋಡಿ ಮೇಸ್ತ್ರಿ, ಇದು ಶುರುವಾದ ಮೇಲೆ ಮೈಯಲ್ಲಿ ಸ್ವಲ್ಪ ನೀರು ನಿಲ್ಲಬಹುದು, ಸ್ನಾಯುವೂ ಬೆಳೀಬಹುದು. ತೂಕ ನಿಂತರೆ, ಏರಿದರೆ ಗಾಬರಿಯಾಗ್ಬೇಡಿ. ಸೊಂಟ ಅಳೀತಾ ಇರಿ. ಮನೇಲೇ ಟೇಪಿದೆಯಲ್ಲ!"

ಇಲ್ಲೇ ನೋಡಿ, ಮೇಸ್ತ್ರಿಯ ಕಿವಿ ಮುಚ್ಚಿಹೋದದ್ದು. ಯಾಕೆಂದರೆ ಅವರ ಹೆಂಡತಿ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಆಕೆಯ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಇವರ ತಕ್ಕಡಿಗಳ ರಾಶಿ. ಅಳತೆಯೂ ತೂಕವೂ ಒಂದೇ ಸೂರಿನಡಿ ಸಂಸಾರ ಮಾಡುತ್ತಿದ್ದರೂ ಯಾರು ಹೆಚ್ಚೆಂಬ ಜಗಳ ಮದುವೆಯಾದಾಗಿನಿಂದ ಬಗೆಹರಿದಿರಲಿಲ್ಲ. "ಟೇಪು ಎಳೆದಷ್ಟು ಬರತ್ತೆ ಕಣೇ. ತಕ್ಕಡಿ ಸುಳ್ಳು ಹೇಳಲ್ಲ!" ಎಂದು ಇವರು. "ತಕ್ಕಡಿ ಹೇಳಲ್ಲ ರೀ, ಹೇಳಿಸೋರು ಇರ್ತಾರೆ" ಎಂದು ಆಕೆ. ಅಂಥದ್ದರಲ್ಲಿ ಹೋಗಿ ಅವಳ ಮುಂದೆ ಕೈಯೆತ್ತಿ ನಿಂತು "ಸೊಂಟ ಅಳಿ" ಅನ್ನುವುದೇ? ಪ್ರಾಣ ಹೋದರೂ ಇಲ್ಲ! ಡಾಕ್ಟರಮ್ಮನ ಮಾತಿನ ಬಗ್ಗೆ ಮೇಸ್ತ್ರಿ ಮನೆಯಲ್ಲಿ ಬಾಯಿಬಿಡಲೇ ಇಲ್ಲ.

ಮದ್ದು ಕೆಲಸ ಮಾಡಿತು. ತೂಕಡಿಕೆ ಹೋಯಿತು. ಮೇಸ್ತ್ರಿ ಬೆಳಗ್ಗೆ ಎದ್ದು ಬಕೆಟ್ಟು ಬಕೆಟ್ಟು ನೀರು ಎತ್ತತೊಡಗಿದರು, ಮೆಟ್ಟಿಲನ್ನು ಎರಡೆರಡಾಗಿ ಹತ್ತತೊಡಗಿದರು, ಕೇಳದವರ ಮೂಟೆಗೂ ಹೆಗಲು ಕೊಡತೊಡಗಿದರು. ಆದರೆ ಮನೆಯ ತೂಕದ ಯಂತ್ರ ಮಾತ್ರ ತೊಂಬತ್ತೈದು ಇದ್ದದ್ದು ತೊಂಬತ್ತಾರು ಎಂದಿತು. ಮುಂದಿನ ತಿಂಗಳು ತೊಂಬತ್ತೇಳು!

"ಊಟ ಅರ್ಧ! ಓಡಾಟ ದುಪ್ಪಟ್ಟು! ತೂಕ ಏರೋದು ಹೇಗೆ ಸಾಧ್ಯ?" ಮೇಸ್ತ್ರಿ ಯಂತ್ರದ ಸುತ್ತ ಮೂರು ಸುತ್ತು ಬಂದರು. ಡಾಕ್ಟರಮ್ಮ ಹೇಳಿದ್ದು ನೆನಪಾಗಲಿಲ್ಲವೇ? ಆಯಿತು. ಆದರೆ ಅದನ್ನು ಒಪ್ಪಿದರೆ ಟೇಪಿಗೆ ಶರಣಾಗಬೇಕಿತ್ತು. ಅದಕ್ಕಿಂತ ಯಂತ್ರದ ತಪ್ಪೆಂದು ತೀರ್ಮಾನಿಸುವುದು ಸುಲಭ. ತಿಂಗಳಿಗೆ ಒಂದೇ ಕಿಲೋದಂತೆ ಇಳಿದಿದ್ದರೂ ತಾನು ಈಗ ತೊಂಬತ್ತಮೂರು ಇರಲೇಬೇಕೆಂದು ಗುಣಿಸಿ, ಯಂತ್ರದ ಹೊಟ್ಟೆ ಬಿಚ್ಚಿ, ಮುಳ್ಳು ತೊಂಬತ್ತಮೂರಕ್ಕೆ ಬರುವವರೆಗೆ ತಿರುಪು ತಿರುವಿದರು. ಹತ್ತಿ ನಿಂತರು. ತೊಂಬತ್ತಮೂರು! ತಮ್ಮ ಸಾಧನೆಗೆ ತಾವೇ ಚಪ್ಪಾಳೆ ತಟ್ಟಿದರು.

ಅಷ್ಟಕ್ಕೇ ನಿಂತಿದ್ದರೆ ಇದು ಬರೀ ಒಬ್ಬ ಗಂಡಸಿನ ಆತ್ಮವಂಚನೆಯಾಗುತ್ತಿತ್ತು, ಬರೆಯುವಂಥದ್ದೇನೂ ಇರಲಿಲ್ಲ. ಆದರೆ ಮೇಸ್ತ್ರಿಗೆ ಒಂದು ರಹಸ್ಯ ಅಭ್ಯಾಸವಿತ್ತು. ದೊಡ್ಡ ತಕ್ಕಡಿ ಸರಿಯಿದೆಯೇ ಎಂದು ನೋಡಲು ಇಪ್ಪತ್ತು ಕಿಲೋದ ಐದು ಕಬ್ಬಿಣದ ಕಲ್ಲುಗಳನ್ನು ಅಂಗಡಿಯಿಂದ ಅಂಗಡಿಗೆ ಹೊರಬೇಕು. ಅವನ್ನು ಹೊರುವವರು ಯಾರು? ಅದಕ್ಕೆ ಅವರು ಬೆಳಗ್ಗೆ ಮನೆಯ ಯಂತ್ರದಲ್ಲಿ ತಮ್ಮನ್ನು ತೂಗಿಕೊಂಡು, ಆ ಸಂಖ್ಯೆಯನ್ನು ತಲೆಯಲ್ಲಿಟ್ಟುಕೊಂಡು ಮಾರುಕಟ್ಟೆಗೆ ಹೋಗಿ, ತಾವೇ ಪ್ರತಿ ತಕ್ಕಡಿ ಹತ್ತಿ ನಿಲ್ಲುತ್ತಿದ್ದರು. ಅದೇ ಸಂಖ್ಯೆ ಬಂದರೆ ತಕ್ಕಡಿ ಸರಿ, ಬರದಿದ್ದರೆ ಬರುವವರೆಗೆ ತಿರುಪು. ಕಲ್ಲುಗಳು ಹಿಂದಿನ ಕೋಣೆಯಲ್ಲಿ ಜೇಡರ ಬಲೆ ಹೊದ್ದು ಮಲಗಿದ್ದವು. "ಕಲ್ಲು ಯಾಕೆ? ನಾನೇ ನಡೆದಾಡೋ ತೂಕದ ಕಲ್ಲು!" ಎಂದು ಕನ್ನಡಿಯ ಮುಂದೆ ಮಾತ್ರ ಹೇಳಿಕೊಳ್ಳುತ್ತಿದ್ದರು.

ವರ್ಷಕ್ಕೊಮ್ಮೆ ಎಲ್ಲ ತಕ್ಕಡಿ ಸರಿಮಾಡುವ ಸಮಯ ಬಂತು. ಮೈಯಲ್ಲಿ ತೊಂಬತ್ತೇಳು, ತಲೆಯಲ್ಲಿ ತೊಂಬತ್ತಮೂರು ಇಟ್ಟುಕೊಂಡ ಮಹಾಶಯರು ಹೊಸ ಹುರುಪಿನಲ್ಲಿ ಒಂದೇ ವಾರದಲ್ಲಿ ಇಡೀ ಮಾರುಕಟ್ಟೆಯನ್ನೂ, ಕೊನೆಗೆ ಕ್ಲಿನಿಕ್ಕಿನ ಯಂತ್ರವನ್ನೂ "ಸರಿ" ಮಾಡಿ ಮುಗಿಸಿದರು!

ಮಾರನೆಯ ದಿನದಿಂದ ಲೋಕವೇ ಹಗುರಾಯಿತು. ನೂರು ಕಿಲೋದ ಮೂಟೆ ತೊಂಬತ್ತಾರು ತೂಗಿತೆಂದು ಈರುಳ್ಳಿ ಮಂಡಿಯವನು ಲಾರಿಯವನ ಕೊರಳಪಟ್ಟಿ ಹಿಡಿದ. ಗುಜರಿಯವನ ಹತ್ತಿರ ಹಳೇ ಪಾತ್ರೆ ತಂದ ಹೆಂಗಸರು "ನಮ್ಮ ಹಂಡೆ ರಾತ್ರೋರಾತ್ರಿ ಸವೀತೇನಪ್ಪಾ?" ಎಂದು ಬೀದಿಯಲ್ಲಿ ನಿಂತು ಶಾಪ ಹಾಕಿದರು. ಕ್ಲಿನಿಕ್ಕಿನಲ್ಲಂತೂ ಸಂಭ್ರಮ. ಬೊಜ್ಜಿನವರೆಲ್ಲ ಏಕಕಾಲಕ್ಕೆ ಇಳಿದಿದ್ದರು! ಡಾಕ್ಟರಮ್ಮ ಸ್ವತಃ ಹತ್ತಿ ನೋಡಿ, ತಾವೂ ಮೂರು ಕಿಲೋ ಇಳಿದ ಖುಷಿಗೆ ಎರಡು ಉಡುಪು ತಂದು ಮೇಸ್ತ್ರಿಯ ಹೆಂಡತಿಗೆ ಕೊಟ್ಟರು.

"ಬಿಗಿ ಮಾಡಿಕೊಡಮ್ಮ."

"ಒಂದ್ಸಲ ಅಳತೆ ತಗೋತೀನಿ ಡಾಕ್ಟ್ರೇ."

"ಅಳತೆ ಯಾಕೆ? ಯಂತ್ರಾನೇ ಹೇಳಿದೆಯಲ್ಲ!"

ಪಕ್ಕದಲ್ಲಿದ್ದ ಮೇಸ್ತ್ರಿ ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದರು. ಆಕೆ ಸೂಜಿಗೆ ದಾರ ಪೋಣಿಸಿದಳು. ಡಾಕ್ಟರಮ್ಮ ಹೋದ ಮೇಲೆ ಗಂಡನ ಪ್ಯಾಂಟನ್ನು ಮುಂದೆ ಹಿಡಿದಳು.

"ರೀ, ಇದರ ಸೊಂಟ ಮೂರನೇ ಸಲ ಹಿಡೀತಾ ಇದ್ದೀನಿ. ಶರ್ಟು ನೋಡಿದ್ರೆ ಭುಜದ ಹತ್ರ ಪರ್ ಅಂತ ಬಿಟ್ಕೊಂಡಿದೆ. ಕೆಳಗೆ ಕರಗ್ತಿದ್ದೀರಿ, ಮೇಲೆ ಉಬ್ಬುತ್ತಿದ್ದೀರಿ. ಏನು ಸಮಾಚಾರ?"

"ಬಟ್ಟೆ ಒಗೆದು ಒಗೆದು ಕುಗ್ಗಿರತ್ತೆ."

"ಪ್ಯಾಂಟು ಒಗೆದರೆ ಹಿಗ್ಗತ್ತೆ, ಶರ್ಟು ಒಗೆದರೆ ಕುಗ್ಗತ್ತೆ ಅಲ್ವಾ?"

ಮೇಸ್ತ್ರಿಗೆ ತುರ್ತಾಗಿ ಹಿಂದಿನ ಕೋಣೆಯಲ್ಲಿ ಏನೋ ಕೆಲಸ ನೆನಪಾಯಿತು.

ಅದೇ ಸಂಜೆ ಎರಡು ಬೀದಿ ಆಚೆಯ ಮಗಳು ಕಣ್ಣು ಕೆಂಪು ಮಾಡಿಕೊಂಡು ಬಂದಳು. ಈಗ ಏಳು ತಿಂಗಳು. ಬಂದವಳೇ ಅಮ್ಮನ ಹೆಗಲಿಗೆ ಒರಗಿಬಿಟ್ಟಳು.

"ತೂಕ ಹೋದ ತಿಂಗಳಿಗಿಂತ ಒಂದು ಕಿಲೋ ಕಮ್ಮಿಯಾಗಿದೆ ಅಮ್ಮ. ಈಗ ಏರಬೇಕಾದ ಕಾಲ ಅಂತೆ. ನಾಡಿದ್ದು ಇನ್ನೊಮ್ಮೆ ತೂಗಿ, ಹೀಗೇ ಇದ್ರೆ ದೊಡ್ಡಾಸ್ಪತ್ರೆಗೆ ಸೇರಿಸ್ಬೇಕು ಅಂದ್ರು. ಮಗುಗೆ ಏನಾದ್ರೂ..."

ಕ್ಲಿನಿಕ್ಕಿನ ಯಂತ್ರದ ಮೇಲೆ ತಾವು ಎದೆಯುಬ್ಬಿಸಿ ನಿಂತದ್ದು ಮೇಸ್ತ್ರಿಯ ಕಣ್ಣಿಗೆ ಕಟ್ಟಿತು. ಹೇಳಿದರೆ ಹೆಸರು ಮಣ್ಣುಪಾಲು. ಹೇಳದಿದ್ದರೆ? ಅಷ್ಟರಲ್ಲಿ ಹೆಂಡತಿ ಕೊರಳಲ್ಲಿದ್ದ ಟೇಪು ತೆಗೆದು ಮಗಳ ಹೊಟ್ಟೆಯ ಸುತ್ತ ಹಿಡಿದಿದ್ದಳು.

"ಅಳ್ಬೇಡ ಸುಮ್ನಿರು. ಹೋದ ತಿಂಗಳು ನಿನ್ನ ಈ ಅಂಗಿಗೆ ನಾನೇ ಎರಡು ಇಂಚು ಜಾಸ್ತಿ ಬಿಟ್ಟು ಹೊಲಿದಿದ್ದೆ. ಈಗ ಬೆರಳು ತೂರಿಸೋಕೂ ಜಾಗ ಇಲ್ಲ. ನೀನು ಕರಗಿಲ್ಲ ಕಣೇ, ಚೆನ್ನಾಗಿ ತುಂಬಿದ್ದೀಯ!" ಎಂದು ನಿಧಾನವಾಗಿ ಗಂಡನ ಕಡೆ ತಿರುಗಿದಳು. "ರೀ... ಆ ಕ್ಲಿನಿಕ್ಕಿನ ಯಂತ್ರ ಸರಿ ಮಾಡಿದ್ದು ಯಾರು?"

ಉತ್ತರವಾಗಿ ಹಿಂದಿನ ಕೋಣೆಯಿಂದ ಕಬ್ಬಿಣ ಎಳೆಯುವ ಸದ್ದು ಬಂತು. ಮೇಸ್ತ್ರಿ ಜೇಡರ ಬಲೆ ಸಮೇತ ಕಲ್ಲುಗಳನ್ನು ಒಂದೊಂದಾಗಿ ಹೊತ್ತು ತಳ್ಳುಗಾಡಿಗೆ ಹೇರುತ್ತಿದ್ದರು. ಹೋದ ವರ್ಷ ಒಂದು ಕಲ್ಲೆತ್ತಿ ವಾರವಿಡೀ ನರಳಿದ ಮನುಷ್ಯ ಐದನ್ನೂ ಏದುಸಿರಿಲ್ಲದೆ ಎತ್ತಿದ್ದನ್ನು ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

ಹೆಂಡತಿ, ಮಗಳು ಗಾಡಿಯ ಹಿಂದೆಯೇ ಬಂದರು. ಕ್ಲಿನಿಕ್ಕಿನಲ್ಲಿ ಐದು ಕಲ್ಲು ಯಂತ್ರದ ಮೇಲೆ ಕುಳಿತವು. ಸರಿಯಾಗಿ ನೂರು ಕಿಲೋ. ಮುಳ್ಳು ತೊಂಬತ್ತಾರರಲ್ಲಿ ನಿಂತು ಮೇಸ್ತ್ರಿಯ ಮುಖ ನೋಡಿತು! ಅವರು ಎಲ್ಲವನ್ನೂ ಹೇಳಿದರು. ತಿರುಪು ಸರಿಮಾಡಿ ಮಗಳನ್ನು ಮತ್ತೆ ತೂಗಿದರೆ ಹೋದ ತಿಂಗಳಿಗಿಂತ ಒಂದೂವರೆ ಕಿಲೋ ಜಾಸ್ತಿ. ಮಗಳು ಅಳುತ್ತಲೇ ನಕ್ಕಳು. ಮೇಸ್ತ್ರಿ ಗೋಡೆ ಹಿಡಿದು ಅತ್ತೇಬಿಟ್ಟರು. ಡಾಕ್ಟರಮ್ಮ ಮಾತ್ರ ನಗಲೂ ಇಲ್ಲ, ಅಳಲೂ ಇಲ್ಲ.

"ಹಾಗಾದ್ರೆ ಮೇಸ್ತ್ರಿ... ನನ್ನ ಪೇಷೆಂಟುಗಳು?"

"ಹಾಗೇ ಇದ್ದಾರೆ ಡಾಕ್ಟ್ರೇ."

"ನಾನು?"

ಮೇಸ್ತ್ರಿ ನೆಲ ನೋಡಿದರು. ಡಾಕ್ಟರಮ್ಮ ಸಿಟ್ಟಿನಿಂದ ಅವರನ್ನೇ ಯಂತ್ರ ಹತ್ತಿಸಿದರು. ತೊಂಬತ್ತೇಳು. ಆಮೇಲೆ ಹೆಂಡತಿಯ ಕೈಯಿಂದ ಟೇಪು ಕಸಿದು ಸೊಂಟ ಸುತ್ತಿದರು. ಮೊದಲ ದಿನ ಬರೆದುಕೊಂಡಿದ್ದ ಅಳತೆಗಿಂತ ನಾಲ್ಕು ಇಂಚು ಇಳಿದಿತ್ತು!

"ಬೊಜ್ಜು ಕರಗಿದೆ, ಸ್ನಾಯು ಬಂದಿದೆ. ಮದ್ದು ಸರಿಯಾಗೇ ಕೆಲಸ ಮಾಡಿದೆ ಕಣ್ರೀ! ಸೊಂಟ ಅಳೀರಿ ಅಂತ ಅವತ್ತೇ ಹೇಳಿದ್ನಲ್ಲ?"

"ಹೇಳಿದ್ರಾ?" ಎಂದಳು ಹೆಂಡತಿ, ಬಹಳ ಮೆತ್ತಗೆ. ಆ ಮೆತ್ತನೆಯ ದನಿಗೆ ಮೇಸ್ತ್ರಿ ಇನ್ನೆರಡು ಇಂಚು ಕುಗ್ಗಿದರು.

ಮುಂದಿನ ವಾರವೆಲ್ಲ ಮೇಸ್ತ್ರಿ ಕಲ್ಲು ಹೊತ್ತು ಅಂಗಡಿ ಅಂಗಡಿ ತಿರುಗಿ, ಬೈಗುಳ ತಿಂದು, ತಕ್ಕಡಿಗಳನ್ನು ನಿಜಕ್ಕೂ ಸರಿಮಾಡಿದರು. ಈರುಳ್ಳಿ ಮಂಡಿಯವನು ಲಾರಿಯವನ ಕಾಲು ಹಿಡಿಯಬೇಕಾಯಿತು. "ಮೇಸ್ತ್ರಿ, ದಮ್ಮಯ್ಯ, ನೀವು ಮಾತ್ರ ಹತ್ತಬೇಡಿ!" ಎಂದು ಪ್ರತಿ ಅಂಗಡಿಯವರೂ ಕೈಮುಗಿದರು. ಕೆಲವರು ಮೇಸ್ತ್ರಿ ಎನ್ನುವುದನ್ನೂ ಬಿಟ್ಟು "ಟೇಪಿನಮ್ಮನ ಯಜಮಾನ್ರು" ಎಂದು ಶುರುಮಾಡಿದರು.

ಕೊನೆಯ ಅಂಗಡಿ ಮುಗಿಸಿ ಬಂದ ದಿನ ಮನೆಯ ಯಂತ್ರವನ್ನೂ ಕಲ್ಲಿಟ್ಟು ಸರಿಮಾಡಿ ಹತ್ತಿದರು. ಅರ್ಧ ಕಿಲೋ ಮತ್ತೆ ಏರಿತ್ತು! ಕಲ್ಲು ಹೊತ್ತದ್ದರ ಫಲವೋ ಏನೋ. ಕೈ ತಿರುಪಿನ ಕಡೆ ಹೋಯಿತು. ಮಗಳ ಕೆಂಪು ಕಣ್ಣು ನೆನಪಾಗಿ ಕೈ ಹಿಂದೆ ಬಂತು. ಯಂತ್ರದಿಂದ ಇಳಿದು ಮುಂದಿನ ಕೋಣೆಗೆ ನಡೆದರು. ಜೀವಮಾನದಲ್ಲಿ ಮೊದಲ ಸಲ ಹೆಂಡತಿಯ ಮುಂದೆ ಎರಡೂ ಕೈ ಮೇಲೆತ್ತಿ ನಿಂತರು.

"ಲೇ... ಸ್ವಲ್ಪ ಸೊಂಟ ಅಳಿ."

ಹೆಂಡತಿ ತಲೆಯೆತ್ತಲಿಲ್ಲ. ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು, ಮೂಲೆಯ ಕುರ್ಚಿಯ ಕಡೆ ತೋರಿಸಿದಳು. ಅಲ್ಲಿ ಡಾಕ್ಟರಮ್ಮ ಬಿಗಿ ಮಾಡಿಸಿದ್ದ ಆ ಎರಡು ಉಡುಪು ಮಡಿಲಲ್ಲಿಟ್ಟುಕೊಂಡು, ಮೇಸ್ತ್ರಿಯನ್ನು ಸುಡುವಂತೆ ನೋಡುತ್ತಾ ಕುಳಿತಿದ್ದರು.

"ಸಾಲಲ್ಲಿ ನಿಂತ್ಕೊಳ್ರೀ. ನೀವು ಇಳಿಸಿದೋರ ಬಟ್ಟೇನೆಲ್ಲ ಮೊದಲು ಸಡಿಲ ಮಾಡಿಕೊಡ್ತೀನಿ, ಆಮೇಲೆ ನಿಮ್ಮ ಸರದಿ."