ಇಳಿಜಾರಿನ ನೆಂಟರು

ಸುರಪುರದ ನಮ್ಮ ಸೋದರಮಾವನ ದೃಷ್ಟಿಯಲ್ಲಿ ಮನುಷ್ಯಕುಲದಲ್ಲಿ ಇರುವುದು ಎರಡೇ ಪಂಗಡ: ಇಳಿಜಾರಿನಲ್ಲಿ ಮನೆ ಕಟ್ಟಿದ ಸಜ್ಜನರು, ಸಮತಟ್ಟಿನಲ್ಲಿ ಕಟ್ಟಿದ ಉಳಿದವರು. ಈ ತತ್ವವನ್ನು ಅವನು ಯಾವ ಗುರುವಿನಿಂದಲೂ ಕಲಿತದ್ದಲ್ಲ. ಮೂರು ಕೈ ದಾಟಿ ತನ್ನ ಪಾಲಿಗೆ ಬಂದ ಬಿಳಿ ಕಾರಿನಿಂದ ಕಲಿತದ್ದು.

ಬಿಳಿ ಎಂಬುದು ಮಾವನ ಹೇಳಿಕೆ. ಆ ಕಾರಿಗೆ ಸೆಲ್ಫ್ ಸ್ಟಾರ್ಟರ್ ಇದೆ. ಸ್ಟಾರ್ಟ್ ಮಾಡುವ ಅಭ್ಯಾಸ ಮಾತ್ರ ಅದಕ್ಕಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಬಿಟ್ಟು, ಉರುಳಿಸಿ, ಗೇರಿಗೆ ಹಾಕಿದರೆ ಒಮ್ಮೆ ಕೆಮ್ಮಿ ಏಳುತ್ತದೆ. ಕಾರು ನಿಂತಿತೋ, ಎಂಜಿನ್ನೂ ನಿಂತಿತು! ಹೊಸ ಸ್ಟಾರ್ಟರ್ ಕೂಡಿಸುತ್ತೇನೆಂದು ಶಹಾಪುರದ ಮೆಕ್ಯಾನಿಕ್ ಚಾಚಾ ಅಂಗಲಾಚಿದ. ಮಾವ ಒಪ್ಪಲಿಲ್ಲ.

"ವಯಸ್ಸಾದವರನ್ನ ಕರೆಂಟ್ ಕೊಟ್ಟು ಎಬ್ಬಸ್ತಾರೇನು, ಚಾಚಾ?"

"ಹಂಗಾದ್ರ ಗುಡ್ಡದ ಮ್ಯಾಲೇ ಮನಿ ಮಾಡ್ರಿ, ಸಾಹೇಬ್ರ," ಎಂದ ಚಾಚಾ.

ಮಾವ ಇದನ್ನು ಸಲಹೆಯೆಂದು ಸ್ವೀಕರಿಸಿದ. ಮುಂದಿನ ತಿಂಗಳೇ ಪೇಟೆಯ ಮನೆ ಬಿಟ್ಟು ಗುಡ್ಡದ ಓಣಿಗೆ ಸಂಸಾರ ಸಾಗಿಸಿದ.

ಮಗಳಿಗೆ ಯಾದಗಿರಿಯಲ್ಲಿ ವರ ನೋಡಿ ಬಂದಾಗ, ಹುಡುಗ ಹೇಗಿದ್ದಾನೆಂದು ಅತ್ತೆ ಕೇಳಿದಳು. "ಮನಿ ಮುಂದ ಚಲೋ ಇಳಿಜಾರ ಐತಿ," ಎಂದ. ಮದುವೆ ಆಗಿಹೋಯಿತು. ಅಳಿಯನೂ ಒಳ್ಳೆಯವನೇ ಇದ್ದಾನೆ. ಅದು ಬೇರೆ ಮಾತು.

ಇನ್ನೊಮ್ಮೆ ಅಬ್ಬೆತುಮಕೂರಿನ ಮಠದ ಹತ್ತಿರ ಕಾರು ಸಮತಟ್ಟಿನಲ್ಲಿ ಕೂತುಬಿಟ್ಟಿತು. ದರ್ಶನಕ್ಕೆ ಬಂದ ಭಕ್ತರೆಲ್ಲ ಸೇರಿ ನೂಕಿದರು. ಮಾವ ಕಿಟಕಿಯಿಂದ ಕೈ ಎತ್ತಿ, ಎಲ್ಲರನ್ನೂ ಆಶೀರ್ವದಿಸುತ್ತಾ ಹೊರಟೇ ಹೋದ. ನೂಕಿದವರಲ್ಲಿ ಅತ್ತೆಯೂ ಇದ್ದಳು! ಅವಳಿಗಾಗಿ ನಿಲ್ಲಿಸಿದರೆ ಮತ್ತೆ ನೂಕಬೇಕಲ್ಲ? ಅವಳು ಬಸ್ಸಿನಲ್ಲಿ ಬಂದಳು.

ಇನ್ನು ದೋರನಹಳ್ಳಿಯ ನಮ್ಮ ಮನೆ. ಓಣಿಗೆ ಓಣಿಯೇ ರೊಟ್ಟಿ ತಟ್ಟಿದಷ್ಟು ಸಮ. ನಮ್ಮ ಅವ್ವ ಮಾವನ ಅಕ್ಕ. ಪ್ರತಿ ವರ್ಷ ಪಂಚಮಿಗೆ ಅವಳನ್ನು ತವರಿಗೆ ಕರೆಯಲು ಬರುವ ಮಾವ, ಕಾರನ್ನು ಊರಾಚೆ ಕಾಲುವೆಯ ಏರಿಯ ಮೇಲೆ ನಿಲ್ಲಿಸಿ ನಡೆದು ಬರುತ್ತಿದ್ದ. ಅವ್ವ ಹೊಸ ಸೀರೆಯುಟ್ಟು ಅಲ್ಲಿಯ ತನಕ ನಡೆದು ಹೋಗುತ್ತಿದ್ದಳು. ಅವಳ ತಮ್ಮನಿಗೆ ಕಾರಿದೆ ಎಂಬುದನ್ನು ನೆರೆಮನೆಯವರು ನಂಬಿಯೇ ಇರಲಿಲ್ಲ.

ಈ ವರ್ಷ ಅವ್ವನ ಮೊಣಕಾಲುಗಳು ಕೈಕೊಟ್ಟವು. ಕಾಲುವೆಯ ತನಕ ನಡೆಯುವ ಮಾತೇ ಇಲ್ಲ. ಬಾಡಿಗೆ ಗಾಡಿ ತರುತ್ತೇನೆಂದೆ.

"ಬಾಡಿಗಿ ಗಾಡ್ಯಾಗ ದವಾಖಾನಿಗೆ ಹೋಗ್ತಾರ. ತವರಿಗೆ ತಮ್ಮನ ಗಾಡ್ಯಾಗ ಹೋಗಬೇಕು," ಎಂದು ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು.

ಮಾವನಿಗೆ ಫೋನ್ ಮಾಡಿದೆ. ಕಾರನ್ನು ಮನೆಯ ಮುಂದೆಯೇ ತಾ, ಓಣಿಯವರೆಲ್ಲ ಸೇರಿ ನೂಕುತ್ತೇವೆ ಎಂದೆ.

"ತವರಿಗೆ ಹೊಂಟ ಹೆಣ್ಣಮಗಳನ್ನ ಹಿಂದಿಂದ ನೂಕಿ ಕಳಸ್ತಾರೇನೋ?" ಎಂದವನೇ ಫೋನ್ ಇಟ್ಟುಬಿಟ್ಟ. ಅವ್ವ ತುಂಬಿಟ್ಟ ಚೀಲದಿಂದ ಸೀರೆ ತೆಗೆದು ಮತ್ತೆ ಪೆಟ್ಟಿಗೆಯಲ್ಲಿಟ್ಟಳು.

ಹಬ್ಬಕ್ಕೆ ಎರಡು ದಿನ ಇದೆ ಎನ್ನುವಾಗ ಒಂದು ಟ್ರ್ಯಾಕ್ಟರ್ ಬಂದು ನಮ್ಮ ಮನೆಯ ಮುಂದೆ ಗರಸು ಮಣ್ಣು ಸುರಿಯಿತು. ಮನೆ ತಪ್ಪಿ ಬಂದಿದೆ ಎಂದು ಜಗಳಕ್ಕೆ ಹೋದರೆ, ಡ್ರೈವರನ ಪಕ್ಕದಿಂದ ಇಳಿದವನು ಮಾವ! ಧೋತರ ಎತ್ತಿ ಕಟ್ಟಿ, ಸಂಜೆಯ ತನಕ ಗರಸಿಗೆ ನೀರು ಹೊಡೆದು ಬಡಿದ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವ ದಿಬ್ಬ; ಎತ್ತರ ಸರಿಯಾಗಿ ನಮ್ಮ ಮನೆಯ ಕಟ್ಟೆಯಷ್ಟು.

ಮರುದಿನ ಕಾರು ಬಂತು, ದಿಬ್ಬ ಹತ್ತಿತು, ಕಟ್ಟೆಗೆ ಬಾಗಿಲು ಹಚ್ಚಿ ನಿಂತಿತು. ಓಣಿಯೆಲ್ಲ ನೆರೆದಿತ್ತು. ಅವ್ವ ಮೆಟ್ಟಿಲು ಇಳಿಯಲೇ ಇಲ್ಲ. ಕಟ್ಟೆಯಿಂದ ನೇರವಾಗಿ ಸೀಟಿನ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, ನೆರೆಮನೆಯವರ ಕಡೆ ಒಮ್ಮೆ ನೋಡಿದಳು. ಮಾವ ಬ್ರೇಕ್ ಬಿಟ್ಟ. ಯಾರೂ ನೂಕಲಿಲ್ಲ.

ಹೀಗೆ ನಾವೂ ಸಜ್ಜನರ ಪಂಗಡಕ್ಕೆ ಸೇರಿದೆವು. ಈಗ ಮಳೆ ಬಂದರೆ ದಿಬ್ಬದ ನೀರು ಕಟ್ಟೆ ಹಾಯ್ದು ಪಡಸಾಲೆಗೇ ನುಗ್ಗುತ್ತದೆ. ದಿಬ್ಬ ಅಗೆಸಿಬಿಡಲೇ ಎಂದು ಕೇಳಿದರೆ ಅವ್ವ ಕೂತಲ್ಲಿಂದಲೇ ಕೈ ಅಡ್ಡ ಮಾಡುತ್ತಾಳೆ:

"ನೀರು ಬರ್ತಾವ, ಹೋಗ್ತಾವ. ನನ್ನ ತಮ್ಮನ ಗಾಡಿ ನಿಲ್ಲೂ ಜಾಗ ಅದು. ಮುಟ್ಟಬ್ಯಾಡ."