ಅತ್ತೆ ಉಳಿಸುತ್ತಿದ್ದ ಬಾಕಿ

ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮ ಅತ್ತೆಯಷ್ಟು ಜನರಿಗೆ ಸಾಲಗಾರರಾಗಿದ್ದವರು ಇನ್ನೊಬ್ಬರಿರಲಿಲ್ಲ! ಹೀಗಳೆಯುವುದಕ್ಕೆ ಹೇಳುತ್ತಿಲ್ಲ, ಅವರ ಹೆಗ್ಗಳಿಕೆಯನ್ನೇ ಹೇಳುತ್ತಿದ್ದೇನೆ. ದಿನಸಿ ಅಂಗಡಿ, ಬಟ್ಟೆ ಅಂಗಡಿ, ಗೊಬ್ಬರದ ಅಂಗಡಿ, ಟೈಲರು, ಜೀಪಿನ ಡ್ರೈವರು, ಬಸ್ ಸ್ಟ್ಯಾಂಡಿನ ಹೂವಿನವಳು, ಎಲ್ಲರಿಗೂ ಅವರಿಂದ ಒಂದಿಷ್ಟು ಬರಬೇಕಿತ್ತು. ಅತ್ತೆ ಬಾಕಿ ಇಡದ ಬಾಗಿಲು ಹುಡುಕಬೇಕಾದರೆ ಪೊಲೀಸ್ ಸ್ಟೇಷನ್ನಿಗೇ ಹೋಗಬೇಕಿತ್ತು. ಅತ್ತೆ ಅಂದರೆ ಗಂಡನ ತಾಯಿಯಲ್ಲ, ಗಾಬರಿಯಾಗಬೇಡಿ. ಗಂಡನ ತಾಯಿಯ ಬಗ್ಗೆ ಹೀಗೆಲ್ಲ ಬರೆದು ದಕ್ಕಿಸಿಕೊಳ್ಳುವ ಧೈರ್ಯ ನನಗಿಲ್ಲ. ಇವರು ನಮ್ಮಪ್ಪನ ತಂಗಿ. ಜಾವಳಿಯ ಹತ್ತಿರ ಮೂರು ಎಕರೆ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು. ಮಾವ ಹೋದ ಮೇಲೆ ಅಷ್ಟನ್ನೂ ತಾವೇ ನಿಂತು ನೋಡಿಕೊಂಡು, ಯಾರ ಮುಂದೆಯೂ ಕೈ ಚಾಚದೆ ಬದುಕಿದವರು.

ಕೈ ಚಾಚದವರು ಸಾಲಗಾರರು ಹೇಗಾದರು ಎಂದು ನೀವು ಕೇಳಬಹುದು. ನಮ್ಮ ಕಡೆ ಕಾಫಿಯ ದುಡ್ಡು ಬರುವುದು ವರ್ಷಕ್ಕೊಂದು ಸಲ. ಹಾಗಾಗಿ ಅಂಗಡಿಯ ಲೆಕ್ಕವೂ ವರ್ಷಕ್ಕೊಂದು ಸಲ. ‘ಕಾಫಿ ಆದ್ಮೇಲೆ ಕೊಡ್ತಿನಿ’ ಎಂದರೆ ಮೂಡಿಗೆರೆಯ ಪೇಟೆಯಲ್ಲಿ ಅದು ಚೆಕ್ಕಿಗಿಂತ ಗಟ್ಟಿ. ಇದನ್ನು ಎಲ್ಲರೂ ಮಾಡುತ್ತಿದ್ದರು. ಅತ್ತೆಯ ವಿಶೇಷ ಏನೆಂದರೆ, ಕಾಫಿ ಮಾರಿ ಕೈತುಂಬ ದುಡ್ಡಿದ್ದಾಗಲೂ ಅವರು ಯಾರ ಬಾಕಿಯನ್ನೂ ಪೂರ್ತಿ ತೀರಿಸುತ್ತಿರಲಿಲ್ಲ. ಐವತ್ತೋ ನೂರೋ ಬೇಕೆಂದೇ ಉಳಿಸಿ ಬರುತ್ತಿದ್ದರು!

“ಪೂರ್ತಿ ಕೊಟ್ಬಿಟ್ರೆ ನಂಟು ಮುಗ್ದಂಗೆ ಕಣೆ,” ಎನ್ನುತ್ತಿದ್ದರು. “ಇನ್ನು ನಿಂಗೂ ನಂಗೂ ಏನೂ ಇಲ್ಲ ಅಂತ ಮುಖಕ್ಕೆ ಹೇಳಿ ಬಂದಂಗೆ. ಒಂಚೂರು ಉಳಿಸ್ಬೇಕು. ಬಾಕಿ ಇರೋರನ್ನ ಯಾರೂ ಮರೆಯಲ್ಲ.”

ನಾನು ಮೂಡಿಗೆರೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಈ ಸೂತ್ರ ನಮ್ಮ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಆದರೆ ಕೆಲಸ ಮಾಡುತ್ತಿತ್ತಲ್ಲ! ಒಂದು ಮಳೆಗಾಲದಲ್ಲಿ ಅತ್ತೆ ಜ್ವರ ಹಿಡಿದು ಮಲಗಿದ್ದರು. ನಮಗ್ಯಾರಿಗೂ ಗೊತ್ತಾಗುವ ಮೊದಲು ದಿನಸಿ ಅಂಗಡಿಯ ಸಾವ್ಕಾರರಿಗೆ ಗೊತ್ತಾಗಿತ್ತು. ಅತ್ತೆ ಸಂತೆಯ ದಿನವೂ ಪೇಟೆಗೆ ಬರಲಿಲ್ಲವಲ್ಲ ಎಂದು ಅವರು ಜೀಪಿನ ಡ್ರೈವರನನ್ನು ಕೇಳಿ, ಮಾತ್ರೆ, ಬ್ರೆಡ್ಡು, ಗಂಜಿಗೆ ಅಕ್ಕಿ ಎಲ್ಲವನ್ನೂ ಅದೇ ಜೀಪಿನಲ್ಲಿ ಕಳಿಸಿದ್ದರು. ಅದರ ದುಡ್ಡೂ ಬಾಕಿಗೇ ಸೇರಿತು, ಆ ಮಾತು ಬೇರೆ.

ಒಮ್ಮೆ ನಮ್ಮಪ್ಪ ಅದೇ ಅಂಗಡಿಗೆ ಹೋದವರು, ತಂಗಿಗೆ ಉಪಕಾರವಾಗಲಿ ಎಂದು ಅವಳು ಉಳಿಸಿದ್ದ ನೂರು ರೂಪಾಯಿಯನ್ನು ತಾವೇ ಕೊಟ್ಟು ಬಂದರು. ಸುದ್ದಿ ತಿಳಿದ ಅತ್ತೆ ಮರುದಿನದ ಮೊದಲ ಬಸ್ಸಿಗೇ ನಮ್ಮ ಮನೆಗೆ ಬಂದರು. “ಅಣ್ಣಾ, ನಾನೇನು ನಿಂಗೆ ಅನ್ಯಾಯ ಮಾಡಿದ್ದೆ? ಇಷ್ಟು ವರ್ಷದ್ದು ಒಂದೇ ಏಟಿಗೆ ಅಳಿಸಿ ಬಂದ್ಯಲ್ಲ!” ಎಂದು ಅತ್ತೇಬಿಟ್ಟರು. ಆಮೇಲೆ ನೆಟ್ಟಗೆ ಅಂಗಡಿಗೆ ಹೋಗಿ ಎರಡು ಸೋಪು ಸಾಲ ತಂದರು. ಮನೆಯಲ್ಲಿ ಆರು ಸೋಪು ಇದ್ದವು!

ಇದನ್ನೆಲ್ಲ ಅರ್ಥ ಮಾಡಿಕೊಂಡವರು ನಮ್ಮಮ್ಮ ಒಬ್ಬರೇ. ನಾದಿನಿ ಅತ್ತಿಗೆಯರ ನಡುವೆ ಪಾತ್ರೆಗಳು ಓಡಾಡುತ್ತಲೇ ಇದ್ದವು. ಉಪ್ಪಿನಕಾಯಿ ತುಂಬಿಕೊಂಡು ಹೋದ ಡಬ್ಬ ಜೋನಿಬೆಲ್ಲ ತುಂಬಿಕೊಂಡು ಬರುತ್ತಿತ್ತು. ಯಾರು ಯಾರಿಗೆ ಕೊಡಬೇಕು ಎಂದು ಇಬ್ಬರಿಗೂ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಇಚ್ಛೆಯೂ ಇರಲಿಲ್ಲ. ಅಮ್ಮ ತೀರಿಕೊಂಡ ದಿನ ಅತ್ತೆ ನಮ್ಮ ಅಡಿಗೆಮನೆಯಲ್ಲಿ ಆ ಡಬ್ಬಗಳನ್ನೆಲ್ಲ ಕೆಳಗಿಳಿಸಿಕೊಂಡು ಕೂತಿದ್ದರು.

ಇಂಥವರ ಕೈಗೆ ಕ್ರೆಡಿಟ್ ಕಾರ್ಡ್ ಕೊಡಬಹುದೇ? ಕೊಟ್ಟರು!

ಕೊಟ್ಟದ್ದು ಚಿಕ್ಕಮಗಳೂರಿನಲ್ಲಿ. ಬಟ್ಟೆ ಅಂಗಡಿಯೊಂದರ ಮುಂದೆ ಮೇಜು ಹಾಕಿಕೊಂಡು, ಟೈ ಕಟ್ಟಿಕೊಂಡ ಬ್ಯಾಂಕಿನ ಹುಡುಗಿಯೊಬ್ಬಳು ಬಿಸಿಲಿನಲ್ಲಿ ನಿಂತು ಹೋಗುವವರನ್ನೆಲ್ಲ ಕರೆಯುತ್ತಿದ್ದಳಂತೆ. “ಪಾಪ, ಬೆಳಿಗ್ಗೆಯಿಂದ ಒಬ್ರೂ ಸೈನ್ ಹಾಕಿಲ್ವಂತೆ ಮಾರಾಯ್ತಿ. ಕೂರಕೆ ಒಂದು ಕುರ್ಚಿನೂ ಕೊಟ್ಟಿಲ್ಲ. ಅದಕ್ಕೆ ನಾನೇ ಹಾಕ್ದೆ,” ಎಂದರು ಅತ್ತೆ. ಜನ ಅವಶ್ಯಕತೆಗೆ ಕಾರ್ಡು ಮಾಡಿಸುತ್ತಾರೆ, ಶೋಕಿಗೆ ಮಾಡಿಸುತ್ತಾರೆ. ಕನಿಕರಕ್ಕೆ ಮಾಡಿಸಿದವರು ಇವರೊಬ್ಬರೇ ಇರಬೇಕು. ನಿಮ್ಮನ್ನು ಬಲ್ಲ ಒಬ್ಬರ ಹೆಸರು, ನಂಬರು ಕೊಡಿ ಎಂದಾಗ ಅಣ್ಣನನ್ನು ಬಿಟ್ಟು, ನನ್ನನ್ನೂ ಬಿಟ್ಟು, ದಿನಸಿ ಅಂಗಡಿಯ ಸಾವ್ಕಾರರ ಹೆಸರು ಕೊಟ್ಟು ಬಂದರು. ತನ್ನನ್ನು ಬಲ್ಲವರು ಎಂದರೆ ತನಗೆ ಸಾಲ ಕೊಟ್ಟವರು ಎಂಬುದು ಅವರ ಲೆಕ್ಕ.

ಕಾರ್ಡು ಬಂತು. ಮೊದಲು ಒಂದು ಕುಕ್ಕರ್ ಬಂತು. ಆಮೇಲೆ ತೋಟದ ಕೆಲಸದವರ ಮಗಳ ಮದುವೆಗೆ ಮಿಕ್ಸಿ, ನಮ್ಮ ಮನೆಗೊಂದು ಇಸ್ತ್ರಿಪೆಟ್ಟಿಗೆ, ಪಕ್ಕದ ಮನೆಯ ಅಜ್ಜಿಗೆ ಕಂಬಳಿ. “ಕೈಯಲ್ಲಿ ದುಡ್ಡಿಲ್ದೆ ತಗಂಡ್ರೂ ಥ್ಯಾಂಕ್ಯೂ ಮೇಡಂ ಅಂತಾರೆ ಕಣೆ!” ಎಂದು ಅವರಿಗೆ ಆಶ್ಚರ್ಯವೋ ಆಶ್ಚರ್ಯ.

ತಿಂಗಳ ಬಿಲ್ಲು ಬಂದಾಗ ಅತ್ತೆ ಬ್ಯಾಂಕಿಗೇ ಹೋಗಿ ದುಡ್ಡು ಕಟ್ಟಿದರು. ಮರ್ಯಾದೆಗೆಂದು ಇನ್ನೂರು ರೂಪಾಯಿ ಉಳಿಸಿದರು! ಮುಂದಿನ ತಿಂಗಳು ಬಡ್ಡಿ ಹಾಕಿದ ಕಾಗದ ಹಿಡಿದುಕೊಂಡು ನನ್ನ ಮನೆಗೆ ಬಂದರು. “ಇನ್ನೂರಕ್ಕೆ ಇಷ್ಟೊಂದು ಬಡ್ಡಿನಾ? ಎಲ್ಲೋ ತಪ್ಪಾಗಿದೆ. ಪಾಪ, ಆ ಹುಡುಗಿಗೆ ಬೈಯ್ತಾರೇನೋ.”

“ಇನ್ನೂರಕ್ಕಲ್ಲ ಅತ್ತೆ, ಪೂರ್ತಿಗೆ. ಎಲ್ಲಾನೂ ಕಟ್ಟಿದ್ರೆ ಒಂದು ಪೈಸೆ ಬಡ್ಡಿ ಇಲ್ಲ. ಒಂಚೂರು ಉಳಿಸಿದ್ರೆ ತಗಂಡ ದಿನದಿಂದ ಬಡ್ಡಿ ಹಾಕ್ತಾರೆ. ಮುಂದೆ ತಗಳೋದಕ್ಕೂ ಅವತ್ತಿಂದಲೇ ಶುರು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಮೇಲೆ!”

“ಅಲ್ವೇ, ನಾನು ಉಳಿಸಿದ್ದು ಅವ್ರ ಮೇಲಿನ ಗೌರವಕ್ಕೆ. ಅವ್ರು ಬೇರೆ ಥರ ತಿಳ್ಕಂಡ್ರಾ?”

ಬ್ಯಾಂಕು ಬೇರೆ ಥರವೇ ತಿಳಿದುಕೊಂಡಿದೆ ಎಂದು ನಾನು ಬೋರ್ಡಿನ ಮೇಲೆ ಬರೆಯುವುದೊಂದು ಬಾಕಿಯಿತ್ತು. ಅತ್ತೆಯ ಕಣ್ಣು ಮಾತ್ರ ಆ ಬಿಲ್ಲಿನ ಇನ್ನೊಂದು ಸಾಲಿನ ಮೇಲಿತ್ತು. ಕನಿಷ್ಠ ಇಷ್ಟು ಕಟ್ಟಬೇಕು ಎಂದು ಒಂದು ಸಣ್ಣ ಮೊತ್ತ ಬರೆದಿದ್ದರು. “ನೋಡಿಲ್ಲಿ! ಸದ್ಯಕ್ಕೆ ಇಷ್ಟು ಕೊಟ್ರೆ ಸಾಕು ಅಂತ ಅವ್ರೇ ಹೇಳಿದಾರೆ. ಎಂಥ ಒಳ್ಳೇ ಜನ. ನಮ್ಮ ಸಾವ್ಕಾರ್ರೂ ಹಿಂಗೆ ಬರೆದು ಕೊಟ್ಟಿಲ್ಲ!” ಎಂದು ಹಿಗ್ಗಿದರು. ಆ ಮಳೆಗಾಲವಿಡೀ ಆ ಸಣ್ಣ ಮೊತ್ತವನ್ನೇ ಕಟ್ಟಿದರು. ಉಳಿದದ್ದು ಕಾಫಿ ಆದ ಮೇಲೆ! ಬಡ್ಡಿ ಮಾತ್ರ ಮಳೆಗಾಲದ ಕಳೆಯ ಹಾಗೆ ಬೆಳೆಯಿತು. ನಾನು ಬೈದೆ, ಲೆಕ್ಕ ಬರೆದು ತೋರಿಸಿದೆ. ಸಂಬಂಧಿಕರೆದುರು ಲೆಕ್ಕದ ಟೀಚರಿಗೆ ಎಷ್ಟು ಬೆಲೆ ಎಂದು ನಿಮಗೆ ಗೊತ್ತೇ ಇದೆ.

ಜಡಿಮಳೆಯಲ್ಲಿ ಒಂದು ತಿಂಗಳು ಅದನ್ನೂ ಕಟ್ಟುವುದು ತಪ್ಪಿತು. ಫೋನು ಬರತೊಡಗಿತು. ಒಂದು ಸಲ ನಾನು ಎದುರಿಗೇ ಇದ್ದೆ.

“ಮೇಡಂ, ನಿಮ್ಮ ಪೇಮೆಂಟ್ ಬಾಕಿ ಇದೆ. ಯಾವ ತಾರೀಕು ಕಟ್ತೀರಾ?”

“ತಾರೀಕು ನಾನು ಹೆಂಗೆ ಹೇಳ್ಲಮ್ಮ? ಕಾಫಿ ಹಣ್ಣು ಕೆಂಪಾಗ್ಬೇಕಲ್ಲ. ಊಟ ಆಯ್ತಾ?”

“ಆಯ್ತು, ಮೊಸರನ್ನ. ಮೇಡಂ, ನನಗೆ ಒಂದು ಡೇಟ್ ಬೇಕು.”

“ಬರೀ ಮೊಸರನ್ನನಾ? ಅದಕ್ಕೇ ನಿನ್ನ ದನಿ ಇಷ್ಟು ಸಣ್ಣಗಿರೋದು. ಈ ಕಡೆ ಬಂದ್ರೆ ಮನೆಗೆ ಬಾ, ಕಡುಬು ಮಾಡ್ತಿನಿ.”

ಫೋನಿಟ್ಟು ನನ್ನ ಕಡೆ ತಿರುಗಿ, “ನೀನು ಹದಿನೈದು ದಿನಕ್ಕೊಂದ್ಸಲ ಫೋನ್ ಮಾಡ್ತಿಯ. ಇವ್ರು ದಿನಕ್ಕೆ ಮೂರು ಸಲ ಕೇಳ್ತಾರೆ. ನಾನು ಹೇಳ್ಲಿಲ್ವಾ, ಬಾಕಿ ಇರೋರನ್ನ ಯಾರೂ ಮರೆಯಲ್ಲ ಅಂತ!” ಎಂದರು. ನಾನು ನಕ್ಕೆ. ಆಗ ನಗಬಾರದಿತ್ತು.

ಯಾಕೆಂದರೆ ಆಮೇಲೆ ಆ ಹುಡುಗಿಯ ಬದಲು ಯಾರೋ ಗಂಡಸು ಫೋನು ಮಾಡಿದ. ಅತ್ತೆಗಲ್ಲ, ಸಾವ್ಕಾರರಿಗೆ! ಸಂತೆಯ ದಿನ, ಅಂಗಡಿ ತುಂಬ ಜನ. ಅತ್ತೆಯೂ ಅಲ್ಲೇ ನಿಂತು ಬೇಳೆ ಕಟ್ಟಿಸುತ್ತಿದ್ದರು. ಸಾವ್ಕಾರರ ಕೈಯಲ್ಲಿ ತಕ್ಕಡಿ, ಫೋನು ಸ್ಪೀಕರಿನಲ್ಲಿ. ಈ ಹೆಂಗಸು ದುಡ್ಡು ತಿಂದುಕೊಂಡು ಕೂತಿದ್ದಾಳೆ, ನೀವೇ ತಾನೆ ಜವಾಬ್ದಾರಿ, ಹೇಳಿ ಕಟ್ಟಿಸಿ ಎಂದು ಆ ದನಿ ಅಷ್ಟು ಜನರ ಮುಂದೆ ಅತ್ತೆಯ ಹೆಸರು ಹಿಡಿದು ಕೂಗಿತು. ಸಾವ್ಕಾರರು ಫೋನು ಕಟ್ ಮಾಡಿ, ಮೆಲ್ಲಗೆ, “ಎಷ್ಟಿದೆ ಹೇಳಿ ಅಮ್ಮ, ನಾನು ಕಟ್ಟಿರ್ತಿನಿ, ಕಾಫಿ ಆದ್ಮೇಲೆ ಕೊಡಿವ್ರಂತೆ,” ಎಂದರಂತೆ. ಅವರು ಒಳ್ಳೆಯತನಕ್ಕೇ ಹೇಳಿದ್ದು. ಅತ್ತೆಗೆ ಅದೇ ತಡೆಯಲಾಗಲಿಲ್ಲ. ಬೇಳೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದರು.

ಒಳ್ಳೆಯ ರೇಟು ಬರಲಿ ಎಂದು ಎರಡು ವರ್ಷದಿಂದ ಮೆಣಸನ್ನು ಮೂಟೆ ಕಟ್ಟಿ ಇಟ್ಟಿದ್ದರು. ಮರುದಿನವೇ, ರೇಟು ನೆಲ ಕಚ್ಚಿದ್ದಾಗ, ಅಷ್ಟನ್ನೂ ಮಾರಿದರು. ನನ್ನನ್ನು ಕರೆದುಕೊಂಡು ಹೋಗಿ ಕಾರ್ಡಿನ ಬಾಕಿಯನ್ನು ಪೈಸೆ ಉಳಿಸದೆ ಕಟ್ಟಿ, ಖಾತೆ ಮುಚ್ಚಿಸಿ ಬಂದರು. ಕಾರ್ಡನ್ನು ಕತ್ತರಿಸಲು ನಾನು ಕತ್ತರಿ ಹುಡುಕುತ್ತಿದ್ದೆ. ಅತ್ತೆ ಎಲೆಅಡಿಕೆ ಚೀಲದಿಂದ ಅಡಕತ್ತರಿ ತೆಗೆದು ಅಡಿಕೆಯ ಹಾಗೆ ಚೂರು ಚೂರು ಮಾಡಿದರು!

ಕಾರ್ಡು ಕೆಟ್ಟದ್ದಲ್ಲ ಅತ್ತೆ, ಕೈಯಲ್ಲಿ ದುಡ್ಡಿದ್ದಷ್ಟಕ್ಕೇ ಉಜ್ಜಬೇಕು, ದಿನ ತಪ್ಪದೆ ಪೂರ್ತಿ ಕಟ್ಟಬೇಕು, ಅಷ್ಟೇ ವಿದ್ಯೆ ಎಂದು ದಾರಿಯುದ್ದಕ್ಕೂ ಹೇಳಿದೆ. ಜೀವನದಲ್ಲಿ ಮೊದಲ ಸಲ ಅತ್ತೆ ನನ್ನ ಪಾಠ ಕೇಳಿಸಿಕೊಂಡರು. ನನ್ನ ಯಾವ ವಿದ್ಯಾರ್ಥಿಯೂ ಅಷ್ಟು ಚೆನ್ನಾಗಿ ಕಲಿತಿಲ್ಲ. ಅದೇ ನನ್ನ ಸಂಕಟ.

ಆ ವರ್ಷ ಕಾಫಿ ಮಾರಿದ ಮೇಲೆ ದಿನಸಿ, ಬಟ್ಟೆ, ಗೊಬ್ಬರ, ಟೈಲರು, ಹೂವಿನವಳು, ಎಲ್ಲರಿಗೂ ಪೂರ್ತಿ ಕೊಟ್ಟರು. ಈಗ ನೋಟು ಎಣಿಸಿಕೊಂಡು ಅಂಗಡಿಗೆ ಹೋಗುತ್ತಾರೆ, ಸಾಮಾನು ತೆಗೆದುಕೊಳ್ಳುತ್ತಾರೆ, ಬರುತ್ತಾರೆ. ಸಾವ್ಕಾರರು ನನ್ನನ್ನು ಕಂಡಾಗ, “ಅಮ್ಮಾವ್ರಿಗೆ ನಮ್ಮ ಮೇಲೇನಾದ್ರೂ ಬೇಜಾರಾ?” ಎಂದು ಕೇಳುತ್ತಾರೆ. ನಾನು ಹಪ್ಪಳ ಕಳಿಸಿದರೆ ಡಬ್ಬ ಅದೇ ದಿನ ತೊಳೆದು ಖಾಲಿ ವಾಪಸ್ಸು ಬರುತ್ತದೆ. ಒಮ್ಮೆಯಂತೂ, “ಉದ್ದಿನ ರೇಟು ಎಷ್ಟಾಯ್ತೇ?” ಎಂದು ಪರ್ಸು ತೆಗೆದರು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಹಿಂದೆ ಯಾವ ಅಂಗಡಿಗೆ ಹೋದರೂ ಅರ್ಧ ಗಂಟೆ ಮಾತಾಡದೆ ಬರುತ್ತಿರಲಿಲ್ಲ. ಈಗ ಚಿಲ್ಲರೆ ತೆಗೆದುಕೊಂಡ ಕೂಡಲೇ ಹೊರಟುಬಿಡುತ್ತಾರೆ.

ಹೋದ ಭಾನುವಾರ ಅತ್ತೆ ಮನೆಗೆ ಬಂದರು. ಕೂರಲಿಲ್ಲ. ಕವರಿನಿಂದ ಒಂದು ಸೀರೆ ತೆಗೆದು ಮೇಜಿನ ಮೇಲಿಟ್ಟರು. ಹಸಿರು ರೇಷ್ಮೆ, ಅರಿಶಿನದ ಅಂಚು.

“ಬಾಳೂರಲ್ಲಿ ಒಂದು ಮದ್ವೆಗೆ ಅಂತ ಅತ್ತಿಗೆ ಹತ್ರ ಇಸ್ಕಂಡಿದ್ದೆ. ಕೊಡಕೆ ಹೋದಾಗೆಲ್ಲ, ಇರ್ಲಿ ಬಿಡು, ಇನ್ನೊಂದ್ಸಲ ಉಟ್ಕ ಅಂತಿದ್ರು. ಆಮೇಲೆ ಅವ್ರೇ ಹೋಗ್ಬಿಟ್ರು. ತಗ. ಇನ್ನು ನಿಮ್ಮಮ್ಮಂದೂ ಚುಕ್ತಾ ಆಯ್ತು.”

ಇಷ್ಟು ಹೇಳಿ, ಕಾಫಿ ಬೇಡ, ಕುಡಿದೇ ಬಂದೆ ಎಂದು ಹೊರಟುಹೋದರು. ನಾನು ಸೀರೆಯನ್ನು ಮೂಸಿದೆ. ಅಮ್ಮನ ವಾಸನೆ ಇರಲಿಲ್ಲ, ನುಸಿಗುಳಿಗೆಯದು ಮಾತ್ರ ಇತ್ತು. ಅಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿದೆ, ಅತ್ತು ಮುಗಿಸಿದ್ದೇನೆ ಎಂದುಕೊಂಡಿದ್ದೆ. ಅತ್ತೆಯ ಬೀರುವಿನಲ್ಲಿ ಅಮ್ಮ ಕೊಟ್ಟದ್ದೊಂದು ಇನ್ನೂ ಇತ್ತು, ಅಮ್ಮನ ಒಂದು ‘ಇರ್ಲಿ ಬಿಡು’ ಇನ್ನೂ ನಡೆಯುತ್ತಿತ್ತು ಎಂದು ತಿಳಿಯುವ ಹೊತ್ತಿಗೆ ಅದೂ ಮುಗಿದಿತ್ತು. ನಾನು ಸೀರೆ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ.

ಅತ್ತೆ ಕಿಟಕಿಯ ಪಕ್ಕ ಕೂತಿದ್ದರು. “ಅತ್ತೆ, ಇದು ನಿಮ್ಮ ಹತ್ರನೇ ಇರ್ಲಿ.”

“ಬೇಡ ಕಣೆ. ನಾನು ಯಾರ್ದೂ ಇಟ್ಕಳಲ್ಲ ಈಗ.”

“ಅಮ್ಮನೇ ವಾಪಸ್ ತಗಳ್ಲಿಲ್ಲ, ನಾನ್ಯಾಕೆ ತಗಳ್ಲಿ? ಇಟ್ಕಳಿ ಅತ್ತೆ.”

ಡ್ರೈವರು ಬಸ್ಸು ಸ್ಟಾರ್ಟ್ ಮಾಡಿದ. ಅತ್ತೆ ಸೀರೆಯನ್ನೇ ನೋಡುತ್ತಿದ್ದರು. ಆಮೇಲೆ ಪಕ್ಕದಲ್ಲಿ ಕೂತವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ, “ಇದಕ್ಕೆ ಬಡ್ಡಿ ಬೀಳಲ್ಲ ಅಲ್ವೇನೆ?” ಎಂದರು.

ತಮಾಷೆಗಿರಬೇಕು ಎಂದು ಅವರ ಮುಖ ನೋಡಿದೆ. ತಮಾಷೆಯಾಗಿರಲಿಲ್ಲ.

“ಇಲ್ಲ ಅತ್ತೆ,” ಎಂದೆ. “ಬೀಳಲ್ಲ.”

ಅತ್ತೆ ಎರಡೂ ಕೈ ಹೊರಗೆ ಚಾಚಿ ಸೀರೆ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. ಬಸ್ಸು ಹೊರಟಿತು. ನಾಲ್ಕು ಮಾರು ಹೋದ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು:

“ಯಾರನ್ನಾದ್ರೂ ಸರಿಯಾಗಿ ವಿಚಾರಿಸಿ ಹೇಳೇ!”